ಎರಡೂವರೆ ಸುತ್ತಿನ ಬಾಗಿಲು

ಆ ಊರಿನಲ್ಲಿ ಸಾಲ ತೀರಿಸಲಾರದವರು ತಮ್ಮ ಮನೆಯ ಬಾಗಿಲನ್ನು ತಾವೇ ಕಿತ್ತು, ಬೆನ್ನ ಮೇಲೆ ಹೊತ್ತು, ಊರ ನಡುವಿನ ಬಯಲಿಗೆ ತರಬೇಕಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಊರವರೆಲ್ಲ ಯಾಕೆ ನಕ್ಕರು ಎಂದು ತಿಳಿಯುವುದಿಲ್ಲ. ಬಾಗಿಲು ಎಂದರೆ ಬಾಗಿಲೇ, ಬೇರೇನೂ ಅಲ್ಲ. ಐದು ಹಲಗೆಯ ಮರದ ಬಾಗಿಲು. ಹೊರಮೈಯಲ್ಲಿ ಬಡಿಯುವುದಕ್ಕೆ ಒಂದು ಕಬ್ಬಿಣದ ಬಳೆ, ಒಳಮೈಯಲ್ಲಿ ಹಾಕಿಕೊಳ್ಳುವುದಕ್ಕೆ ಒಂದು ಅಗುಳಿ. ಆ ಊರಿನ ಎಲ್ಲ ಬಾಗಿಲುಗಳೂ ಹೀಗೆಯೇ ಇದ್ದವು.

ಬಯಲಿನಲ್ಲಿ ಒಂದು ಕಲ್ಲಿನ ಚೌಕಟ್ಟು ನಿಂತಿತ್ತು. ಅದಕ್ಕೆ ಗೋಡೆ ಇಲ್ಲ, ಮಾಡು ಇಲ್ಲ, ಹಿಂದೆ ಮನೆ ಇಲ್ಲ, ಮುಂದೆ ಅಂಗಳ ಇಲ್ಲ. ಚೌಕಟ್ಟು ಮಾತ್ರ. ಯಾವ ಮನೆಯ ಬಾಗಿಲು ಹೇಗೆ ಬಂದರೂ ಕೂರಲಿ ಎಂದು ಹಿರಿಯರು ಅದರ ಎರಡೂ ಬದಿಗೆ ಕುಳಿ ಕೊರೆದಿದ್ದರು. ಚೌಕಟ್ಟಿನ ಪೂರ್ವಕ್ಕೆ ದೊಡ್ಡ ಹೊಂಗೆ ಮರ. ಅದರ ನೆರಳಿನಲ್ಲಿ ಸಾಲ ಕೊಟ್ಟವರು ಕೂರುತ್ತಿದ್ದರು. ಪಶ್ಚಿಮಕ್ಕೆ ಬರೀ ಬಿಸಿಲು. ಅಲ್ಲಿ ಸಾಲ ಪಡೆದವರು ಕೂರುತ್ತಿದ್ದರು. ಏಳು ದಿನ ಹಾಗೆ ಕೂರಬೇಕು. ಏಳು ದಿನದಲ್ಲಿ ಎರಡು ಕಡೆಯವರೂ ಒಂದು ಮಾತಿಗೆ ಬಂದರೆ ಬಾಗಿಲು ಮನೆಗೆ ಹೋಗುತ್ತದೆ. ಬರದಿದ್ದರೆ ಏಳನೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಗರಗಸದವನು ಬಂದು ಬಾಗಿಲನ್ನು ಹಲಗೆ ಹಲಗೆಯಾಗಿ ಬಿಡಿಸಿ ಕೊಟ್ಟವರಿಗೆ ಹಂಚುತ್ತಾನೆ.

ಬಾಗಿಲು ಹೋದರೆ ಏನಾಯಿತು, ಇನ್ನೊಂದು ಮಾಡಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ಆ ಊರಿನಲ್ಲಿ ಒಬ್ಬರಿಗೆ ಒಂದೇ ಬಾಗಿಲು. ಬಾಗಿಲು ಹೋದವರ ಮನೆಗೆ ಯಾರೂ ಬರುವಂತಿರಲಿಲ್ಲ, ಯಾಕೆಂದರೆ ಬಡಿಯುವುದಕ್ಕೆ ಏನೂ ಇರುವುದಿಲ್ಲ. ಬಡಿಯದೆ ಒಳಗೆ ಕಾಲಿಡುವುದು ಅಲ್ಲಿ ಕಳ್ಳತನ. ಗಿರಾಕಿ ಬರುವುದಿಲ್ಲ, ನೆಂಟ ಬರುವುದಿಲ್ಲ, ಬೆಂಕಿ ಕೇಳಿಕೊಂಡು ಪಕ್ಕದ ಮನೆಯವಳೂ ಬರುವುದಿಲ್ಲ. ಹಾಗಾಗಿ ಬಾಗಿಲು ಹೋದವರು ಮತ್ತೆ ಎಂದೂ ದುಡಿಯುತ್ತಿರಲಿಲ್ಲ, ಅವರ ಸಾಲವೂ ಎಂದೂ ತೀರುತ್ತಿರಲಿಲ್ಲ. ಕೊಟ್ಟವರಿಗೆ ಒಂದು ಹಲಗೆ ಸಿಗುತ್ತಿತ್ತು. ಅಷ್ಟೇ ಸಿಗುತ್ತಿತ್ತು.

ಇನ್ನೊಂದು ಕಟ್ಟಳೆ ಇದೆ, ಅದನ್ನೂ ಹೇಳಬೇಕು. ಬಾಗಿಲು ಬಯಲಿನಲ್ಲಿ ಇರುವ ಏಳು ದಿನ ಕೊಟ್ಟವರೂ ಪಡೆದವರೂ ಒಬ್ಬರ ಮುಖ ಒಬ್ಬರು ನೋಡಬಾರದು, ನೇರವಾಗಿ ಮಾತಾಡಬಾರದು. ಸಿಟ್ಟಿನವರಿಗೆ ಮಾತು ಹೆಚ್ಚು, ನಾಚಿಕೆಯವರಿಗೆ ಮಾತೇ ಬರದು, ಅದಕ್ಕೆ. ಆದ್ದರಿಂದ ಇಬ್ಬರ ಪರವಾಗಿಯೂ ಆಡುವವರು ಬೇರೆ ಇದ್ದರು. ಒಬ್ಬರಿಗೆ ‘ಪಡೆದವರ ಬಾಯಿ’ ಎಂದು ಹೆಸರು, ಇನ್ನೊಬ್ಬರಿಗೆ ‘ಕೊಟ್ಟವರ ಬಾಯಿ’ ಎಂದು ಹೆಸರು. ಇಡೀ ಊರಿಗೆ ಈ ಕೆಲಸ ಬಲ್ಲವರು ಇಬ್ಬರೇ. ಅವರು ಗಂಡ ಹೆಂಡತಿ.

ಗಂಡ ಪಡೆದವರ ಬಾಯಿ. ಉದ್ದನೆಯ ಮನುಷ್ಯ, ಮರೆವು ಜಾಸ್ತಿ, ಹೆಗಲ ಮೇಲೆ ಸದಾ ಒಂದು ವಲ್ಲಿ. ಹೆಂಡತಿ ಕೊಟ್ಟವರ ಬಾಯಿ. ಗಿಡ್ಡನೆಯ ಹೆಂಗಸು, ಯಾವುದನ್ನೂ ಮರೆಯುವುದಿಲ್ಲ. ಬಾಗಿಲು ಬಯಲಿನಲ್ಲಿರುವಾಗ ಇವರಿಬ್ಬರೂ ಆ ಬಾಗಿಲಿನ ಎದುರು ಬಿಟ್ಟು ಬೇರೆಲ್ಲೂ ಮಾತಾಡಬಾರದು, ತಮ್ಮ ಮನೆಯಲ್ಲಿ ಕೂಡ. ಆಡಿದರೆ ಒಬ್ಬರ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಅವರು ಈ ಕಟ್ಟಳೆಯನ್ನು ಎಂದೂ ಮೀರಿರಲಿಲ್ಲ. ಏಳು ದಿನ ಗೋಡೆಯ ಜೊತೆ ಮಾತಾಡುತ್ತಿದ್ದರು.

ಈಗ ಜಿಲೇಬಿಯವಳ ವಿಷಯಕ್ಕೆ ಬರಬಹುದು.

ಅವಳು ಊರಿನಲ್ಲಿ ಜಿಲೇಬಿ ಕರಿಯುವವಳು. ತೂತು ಬಟ್ಟೆಯಲ್ಲಿ ಹಿಟ್ಟು ಹಿಡಿದು ಕಾದ ಎಣ್ಣೆಯ ಮೇಲೆ ಎರಡೂವರೆ ಸುತ್ತು ಸುತ್ತುತ್ತಿದ್ದಳು. ಎರಡು ಸುತ್ತಿದರೆ ಬಿಚ್ಚಿಕೊಳ್ಳುತ್ತದೆ, ಮೂರು ಸುತ್ತಿದರೆ ನಡುವೆ ಬೇಯುವುದಿಲ್ಲ, ಅದಕ್ಕೆ ಎರಡೂವರೆ. ಮೂವತ್ತು ವರ್ಷ ಹಾಗೆ ಸುತ್ತಿ ಸುತ್ತಿ ಅವಳ ಮೈಯೇ ಎರಡೂವರೆಗೆ ಒಗ್ಗಿಹೋಗಿತ್ತು. ತುಳಸಿಕಟ್ಟೆಗೆ ಎರಡೂವರೆ ಸುತ್ತು ಬಂದು ನಿಂತುಬಿಡುತ್ತಿದ್ದಳು. ತಲೆಗೂದಲನ್ನು ಎರಡೂವರೆ ಸುತ್ತು ಸುತ್ತಿ ತುರುಬು ಕಟ್ಟುತ್ತಿದ್ದಳು.

ಅವಳು ಒಂದು ದೊಡ್ಡ ಮದುವೆಗೆ ಜಿಲೇಬಿ ಒಪ್ಪಿಕೊಂಡಳು. ಸಕ್ಕರೆಯವನಿಂದ ಸಕ್ಕರೆ, ಹಿಟ್ಟಿನವನಿಂದ ಹಿಟ್ಟು, ಎಣ್ಣೆಯವಳಿಂದ ಎಣ್ಣೆ, ಸೌದೆಯವನಿಂದ ಸೌದೆ, ಬಾಣಲೆಯವಳಿಂದ ಬಾಡಿಗೆಗೆ ದೊಡ್ಡ ಬಾಣಲೆ, ಎಲ್ಲವನ್ನೂ ಸಾಲವಾಗಿ ತಂದಳು. ನಲವತ್ತು ಬುಟ್ಟಿ ಜಿಲೇಬಿ ಕರಿದಿಟ್ಟಳು. ಧಾರೆಯ ಹಿಂದಿನ ದಿನ ಮದುಮಗಳು, “ಇವನು ಊಟ ಮಾಡುವಾಗ ತುಂಬಾ ಸದ್ದು ಮಾಡುತ್ತಾನೆ, ನನಗೆ ಬೇಡ” ಎಂದಳು. ಮದುಮಗ, “ನನಗೂ ಸಾಕು” ಎಂದ. ಮದುವೆ ನಿಂತಿತು. ಅವರಿಬ್ಬರೂ ಆಮೇಲೆ ಸುಖವಾಗಿಯೇ ಇದ್ದರು. ನಲವತ್ತು ಬುಟ್ಟಿ ಜಿಲೇಬಿಯನ್ನು ಇರುವೆಗಳು ತಿಂದವು. ಅವೂ ಸುಖವಾಗಿಯೇ ಇದ್ದವು. ಜಿಲೇಬಿಯವಳು ಮಾತ್ರ ಐದು ಜನರಿಗೆ ಸಾಲಗಾರಳಾಗಿ ಉಳಿದಳು.

ಒಂದು ಬೆಳಿಗ್ಗೆ ಅವಳು ಬಾಗಿಲು ಕಿತ್ತು ಬೆನ್ನಿಗೆ ಹೊತ್ತಳು. ಬಯಲಿಗೆ ಬಂದು ಚೌಕಟ್ಟಿನ ಮುಂದೆ ನಿಂತಳು. ಅಲ್ಲಿ ಬಾಗಿಲು ಹೊತ್ತವರು ನಿಂತಲ್ಲೇ ಮೂರು ಸುತ್ತು ತಿರುಗಿ, ಆಮೇಲೆ ಅದನ್ನು ಇಳಿಸಬೇಕು. ಬಾಗಿಲಿಗೆ ತನ್ನ ಮನೆಯ ದಿಕ್ಕು ಮರೆಯಲಿ ಎಂದು ಹಾಗೆ. ಊರವರು ಗಟ್ಟಿಯಾಗಿ ಎಣಿಸಿದರು.

“ಒಂದು!” ಎಂದರು. ಅವಳು ತಿರುಗಿದಳು.

“ಎರಡು!” ಎಂದರು. ಅವಳು ತಿರುಗಿದಳು.

“ಮೂರು!” ಎಂದರು. ಅವಳು ಅರ್ಧ ತಿರುಗಿ ನಿಂತು, ಬಾಗಿಲು ಇಳಿಸಿ, ಚೌಕಟ್ಟಿಗೆ ಕೂರಿಸಿದಳು.

ಯಾರೂ ಗಮನಿಸಲಿಲ್ಲ. ಬಾಗಿಲು ಹೊತ್ತವರು ಬಂದಾಗ ಊರು ಅವರ ಮುಖ ನೋಡುತ್ತದೆ, ಬಾಗಿಲು ನೋಡುವುದಿಲ್ಲ. ಅಳುತ್ತಾಳೋ ಇಲ್ಲವೋ ಎಂದು ನೋಡುತ್ತದೆ. ಅವಳು ಅಳಲಿಲ್ಲ. ಬಾಗಿಲಿನ ಬಿಸಿಲ ಕಡೆ ಹೋಗಿ ಕುಳಿತಳು.

ಐದು ದಿನ ಕಟ್ಟಳೆಯಂತೆ ನಡೆಯಿತು. ದಿನವೂ ಬೆಳಿಗ್ಗೆ ಕೊಟ್ಟವರ ಬಾಯಿ ಹೊಂಗೆಯ ನೆರಳಿನಿಂದ ಎದ್ದು ಬಂದು, ಕೈಗೆ ಸಿಕ್ಕ ಬಳೆಯನ್ನೇ ಹಿಡಿದು ಬಾಗಿಲನ್ನು ಮೂರು ಸಲ ಬಡಿಯುವಳು. ಒಳ್ಳೆಯ ಹೆಂಗಸು ಜಿಲೇಬಿಯವಳು, ಮೂವತ್ತು ವರ್ಷ ಗಿರಾಕಿಗಳಿಗೆ ಹೇಳಿದ ಹಾಗೆ, “ಬನ್ನಿ ಬನ್ನಿ, ಒಳಗೆ ಬನ್ನಿ” ಎನ್ನುವಳು. ಬಾಯಿ ತಪ್ಪಿ ಬಂದ ಈ ಕರೆಯನ್ನು ಯಾರೂ ಮಾತೆಂದು ಎಣಿಸುತ್ತಿರಲಿಲ್ಲ. ಪಡೆದವರ ಬಾಯಿ ಬಾಗಿಲು ತೆರೆದು ಹೊಸ್ತಿಲಿನ ಹತ್ತಿರ ನಿಲ್ಲುವನು.

“ಕೊಟ್ಟವರು ಕೇಳುತ್ತಾರೆ,” ಎನ್ನುವಳು ಹೆಂಡತಿ.

“ಪಡೆದವಳು ಕೇಳಿಸಿಕೊಳ್ಳುತ್ತಾಳೆ,” ಎನ್ನುವನು ಗಂಡ.

“ಇವತ್ತು ಏನು ಕೊಡುತ್ತಾಳೆ?”

“ಇವತ್ತು ಏನೂ ಇಲ್ಲ.”

ಹೀಗೆ ಮೊದಲ ದಿನ. ಹೀಗೆ ಎರಡನೆಯ ದಿನ. ಎರಡನೆಯ ದಿನ ಹೆಂಡತಿ, ಬಾಯಿಯವರಿಗೆ ಮಾತ್ರ ಇರುವ ಅಪ್ಪಣೆಯಂತೆ, ಜಿಲೇಬಿಯವಳ ಮನೆಗೆ ಹೋಗಿ ಇದ್ದದ್ದನ್ನೆಲ್ಲ ಬರೆದುಕೊಂಡು ಬಂದು ಬಯಲಿನಲ್ಲಿ ಓದಿದಳು. “ಪೊರಕೆ, ಒಂದು. ಒರಳು, ಒಂದು. ತೂತು ಬಟ್ಟೆ, ಒಂದು. ಮಣ್ಣಿನ ಗಡಿಗೆಯಲ್ಲಿ ಹಳಸಿದ ಹಿಟ್ಟು, ಅರ್ಧ ಗಡಿಗೆ, ಬೆಲೆ ಇಲ್ಲ.”

“ಹಳಸಿದ್ದಲ್ಲಮ್ಮ, ಅದು ಹುಳಿ,” ಎಂದು ಜಿಲೇಬಿಯವಳು ಬಾಗಿಲಿನ ಹಿಂದಿನಿಂದ ಪಿಸುಗುಟ್ಟಿದಳು. ಅವಳು ನೇರವಾಗಿ ಮಾತಾಡುವಂತಿರಲಿಲ್ಲ, ಆದ್ದರಿಂದ ಗಂಡ ಅದನ್ನೇ ಗಟ್ಟಿಯಾಗಿ ಹೇಳಿದ, “ಹಳಸಿದ್ದಲ್ಲ, ಹುಳಿ.”

“ಹುಳಿಯೋ ಹಳಸಲೋ, ಬೆಲೆ ಇಲ್ಲ ತಾನೆ?”

“ಬೆಲೆ ಇಲ್ಲ,” ಎಂದು ಒಪ್ಪಿಕೊಂಡ.

ಆ ಗಡಿಗೆಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಜಿಲೇಬಿಯ ಹಿಟ್ಟು ಹುಳಿ ಬರದೆ ಆಗುವುದಿಲ್ಲ. ದಿನವೂ ಕಲಸಿದ ಹಿಟ್ಟಿನಲ್ಲಿ ಒಂದಷ್ಟು ಉಳಿಸಿ ಮಾರನೆಯ ದಿನದ ಹಿಟ್ಟಿಗೆ ಬೆರೆಸುತ್ತಾರೆ. ಅವಳ ಗಡಿಗೆಯಲ್ಲಿದ್ದದ್ದು ಅವಳ ಅಜ್ಜಿ ಕಲಸಿದ ಹಿಟ್ಟಿನ ಉಳಿಕೆಯ ಉಳಿಕೆಯ ಉಳಿಕೆ. ಆ ಏಳು ದಿನವೂ ಅದು ಮುಚ್ಚಳದ ಕೆಳಗೆ ಸಣ್ಣಗೆ ಗುಳ್ಳೆ ಎಬ್ಬಿಸುತ್ತ ಉಸಿರಾಡುತ್ತಿತ್ತು. ಪಟ್ಟಿ ಓದಿದ ಸಂಜೆಯೇ ಜಿಲೇಬಿಯವಳು ಅದನ್ನು ಬಯಲಿಗೆ ತಂದು ತನ್ನ ಸೆರಗಿನ ನೆರಳಿನಲ್ಲಿ ಇಟ್ಟುಕೊಂಡಿದ್ದಳು.

ಮೂರನೆಯ ದಿನ ಸಂಜೆ ಗಂಡ ಹೆಂಡತಿ ತಮ್ಮ ಮನೆಯಲ್ಲಿ ಊಟಕ್ಕೆ ಕುಳಿತರು. ಗಂಡ ಒಂದು ತುತ್ತು ತಿಂದು ಗೋಡೆಯ ಕಡೆ ತಿರುಗಿದ.

“ಗೋಡೆಯೇ, ಸಾರಿಗೆ ಉಪ್ಪು ಹಾಕುವುದನ್ನು ಯಾರೋ ಮರೆತಿದ್ದಾರೆ.”

ಹೆಂಡತಿ ಎದುರು ಗೋಡೆಗೆ ಹೇಳಿದಳು, “ಗೋಡೆಯೇ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಮದುವೆಯಾಗಿ ಇಷ್ಟು ವರ್ಷವಾದರೂ ಯಾರಿಗೋ ಗೊತ್ತಿಲ್ಲ. ಎದ್ದು ಹಾಕಿಕೊಳ್ಳಲಿ.”

ನಾಲ್ಕನೆಯ ದಿನ ಹೊಂಗೆಯ ಕೆಳಗೆ ಕೊಟ್ಟವರು ಹಲಗೆಗಳನ್ನು ಮನಸ್ಸಿನಲ್ಲೇ ಹಂಚಿಕೊಳ್ಳತೊಡಗಿದರು. ಸಕ್ಕರೆಯವನು, ಅಂದರೆ ಐವರಲ್ಲಿ ಹೆಚ್ಚು ಸಾಲ ಕೊಟ್ಟವನು ಮತ್ತು ಹೆಚ್ಚು ಹುಳಿ ಮುಖದವನು, “ಬಳೆ ಇರುವ ಹಲಗೆ ನನಗೆ” ಎಂದ. ಎಣ್ಣೆಯವಳು, “ನಿನ್ನ ಮನೆಯಲ್ಲಿ ಆಗಲೇ ಎಷ್ಟು ಹಲಗೆ ಇವೆಯಲ್ಲ ಮಾರಾಯ, ಏನು ಮಾಡುತ್ತೀಯ ಅಷ್ಟೊಂದು?” ಎಂದಳು. “ಗೋಡೆಗೆ ಒರಗಿಸಿದ್ದೇನೆ. ನನಗೆ ಬರಬೇಕಾದದ್ದು, ನನ್ನ ಹತ್ತಿರ ಇದೆ, ಅಷ್ಟೆ,” ಎಂದ ಸಕ್ಕರೆಯವನು.

ಐದನೆಯ ದಿನ ಬಯಲು ಖಾಲಿಯಾಗುವ ಹೊತ್ತಿಗೆ ಪಡೆದವರ ಬಾಯಿ ಬಾಗಿಲು ಮುಚ್ಚಿ ಹೊರಟ. ಹೊರಟವನನ್ನು ಯಾರೋ ಹಿಂದಕ್ಕೆ ಎಳೆದಂತಾಯಿತು. ತಿರುಗಿ ನೋಡಿದರೆ ಅವನ ವಲ್ಲಿ ಬಾಗಿಲಿನ ಅಗುಳಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡ. ಎರಡು ಹೆಜ್ಜೆ ನಡೆದ. ನಿಂತ. ಮತ್ತೆ ಬಂದು ಅಗುಳಿಯನ್ನು ಮುಟ್ಟಿ ನೋಡಿದ. ಅಗುಳಿ ಇರುವುದು ಬಾಗಿಲಿನ ಒಳಮೈಯಲ್ಲಿ. ಮೂರು ಸುತ್ತು ಪೂರ್ತಿ ತಿರುಗಿ ಕೂರಿಸಿದ ಬಾಗಿಲಿನ ಅಗುಳಿ ಕೊಟ್ಟವರ ಕಡೆ ಬರುತ್ತದೆ, ಇದು ಪಡೆದವಳ ಕಡೆ ಇದೆ. ಹಾಗಾದರೆ ಪಡೆದವಳ ಕಡೆ ಒಳಗಾಯಿತು. ಹಾಗಾದರೆ ಹೊಂಗೆಯ ನೆರಳು ಹೊರಗಾಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಗಂಡ ತುತ್ತು ಎತ್ತಿದಾಗಲೆಲ್ಲ ನಗುತ್ತಿದ್ದ. ಅನ್ನ ನೆತ್ತಿಗೇರಿ ಕೆಮ್ಮಿದ.

“ಗೋಡೆಯೇ, ಯಾರಿಗೋ ಏನೋ ಆಗಿದೆ,” ಎಂದಳು ಹೆಂಡತಿ.

“ಗೋಡೆಯೇ, ಏನಾಗಿದೆ ಅಂತ ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ,” ಎಂದ ಗಂಡ.

“ಗೋಡೆಯೇ, ಹೊಟ್ಟೆ ಉರಿಸಬೇಡ ಅಂತ ಹೇಳು.”

ಗಂಡ ಹೇಳಲಿಲ್ಲ. ಹೇಳಿದ್ದರೆ ಹೆಂಡತಿ ಬೆಳಗಾಗುವುದರೊಳಗೆ ಒಂದು ಎದುರುತ್ತರ ಹುಡುಕಿರುತ್ತಿದ್ದಳು. ಜಿಲೇಬಿಯವಳು ಅವನನ್ನು ನಂಬಿ ತನ್ನ ಮಾತನ್ನೆಲ್ಲ ಅವನ ಬಾಯಿಗೆ ಒಪ್ಪಿಸಿದ್ದಳು. ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಒಡವೆಯನ್ನು ಯಾರೂ ಯಾರ ಕೈಗೂ ಕೊಡುತ್ತಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಹೆಂಡತಿ ಎದ್ದು ಬಂದು ಬಳೆ ಹಿಡಿದು ಮೂರು ಸಲ ಬಡಿದಳು.

“ಬನ್ನಿ ಬನ್ನಿ, ಒಳಗೆ ಬನ್ನಿ,” ಎಂದಳು ಜಿಲೇಬಿಯವಳು.

ಗಂಡ ಬಾಗಿಲು ತೆರೆದ. “ಕೊಟ್ಟವರು ಕೇಳುತ್ತಾರೆ” ಎಂದು ಹೆಂಡತಿ ಹೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ.

“ಕೊಟ್ಟವರ ಬಾಯಿಯವರೇ, ತಾವು ಈಗ ಏನನ್ನು ಹಿಡಿದು ಬಡಿದಿರಿ?”

“ಬಳೆಯನ್ನು.”

“ಬಳೆ ಬಾಗಿಲಿನ ಯಾವ ಮೈಗೆ ಇರುತ್ತದೆ?”

“ಹೊರ…” ಎಂದಳು ಹೆಂಡತಿ. ಅಲ್ಲಿಗೇ ನಿಲ್ಲಿಸಿದಳು. ಬಳೆ ನೋಡಿದಳು. ಬಗ್ಗಿ ಬಾಗಿಲಿನ ಆ ಕಡೆಯ ಅಗುಳಿ ನೋಡಿದಳು. ಗಂಡನ ಮುಖ ನೋಡಿದಳು. ನಿನ್ನೆಯ ನಗು ಈಗ ಅವಳಿಗೆ ಅರ್ಥವಾಯಿತು. ಅವಳ ತುಟಿಯ ಒಂದು ಕೊನೆ ಮೇಲೆ ಹೋಯಿತು, ಅದನ್ನು ಅವಳು ಹಲ್ಲು ಕಚ್ಚಿ ಕೆಳಗೆ ತಂದಳು, ಯಾಕೆಂದರೆ ಅವಳು ಕೊಟ್ಟವರ ಬಾಯಿ.

ಹೊಂಗೆಯ ಕೆಳಗೆ ಗದ್ದಲವೆದ್ದಿತು.

“ಏನಂತೆ? ಏನಂತೆ?” ಎಂದ ಹಿಟ್ಟಿನವನು.

“ಬಾಗಿಲು ತಿರುಗುಮುರುಗಾಗಿ ನಿಂತಿದೆಯಂತೆ. ಅವಳು ಮನೆ ಒಳಗಿದ್ದಾಳಂತೆ, ನಾವು ಹೊರಗಂತೆ,” ಎಂದ ಸೌದೆಯವನು.

“ಹಾಗಾದರೆ ಐದು ದಿನದಿಂದ ನಾವು ಅವಳ ಮನೆಯ ಬೀದಿಯಲ್ಲಿ ಕೂತಿದ್ದೇವಾ?”

“ಅಯ್ಯೋ ದೇವರೇ,” ಎಂದಳು ಎಣ್ಣೆಯವಳು. “ನಾನು ಅವಳ ಬಾಗಿಲ ಮುಂದೆ ಎಲೆ ಅಡಿಕೆ ಉಗುಳಿದ್ದೇನಲ್ಲ!”

ಇಂಥ ತಕರಾರು ಬಂದರೆ ಬಿಡಿಸುವುದು ಬಯಲಜ್ಜಿಯ ಕೆಲಸ. ಬಯಲಜ್ಜಿ ಎಂದರೆ ಚೌಕಟ್ಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ಹತ್ತಿ ಹೊಸೆದು ಬತ್ತಿ ಮಾಡುವ ಮುದುಕಿ. ಅವಳು ಯಾರ ಕಡೆಯೂ ಅಲ್ಲ, ಕಟ್ಟೆಯ ಕಡೆ. ಅವಳು ಹತ್ತಿ ಕೆಳಗಿಟ್ಟರೆ ತೀರ್ಪು ಬಂತು ಎಂದು ಅರ್ಥ.

“ಅಜ್ಜಿ,” ಎಂದ ಗಂಡ, “ಅಗುಳಿ ಇರುವ ಕಡೆ ಒಳಗು, ಬಳೆ ಇರುವ ಕಡೆ ಹೊರಗು. ಇವರು ಬಳೆ ಬಡಿದಿದ್ದಾರೆ. ನನ್ನವಳು ‘ಒಳಗೆ ಬನ್ನಿ’ ಅಂದಿದ್ದಾಳೆ. ಬಡಿದು, ಕರೆಸಿಕೊಂಡವರು ಅತಿಥಿಗಳು. ಅತಿಥಿಯಾಗಿ ಬಂದವರು ಆ ಮನೆಯ ಬಾಗಿಲನ್ನೇ ಬಿಚ್ಚಿಕೊಂಡು ಹೋಗುವುದು ಎಲ್ಲಾದರೂ ಉಂಟೇ?”

ಬಯಲಜ್ಜಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಏನಮ್ಮ, ನಿನ್ನ ಗಂಡನಿಗೆ ಉತ್ತರ ಇದೆಯೋ?”

“ಇದೆ ಅಜ್ಜಿ,” ಎಂದಳು ಹೆಂಡತಿ. ಅಷ್ಟು ಹೊತ್ತಿಗೆ ಅವಳು ಹುಡುಕಿಬಿಟ್ಟಿದ್ದಳು. “ಒಪ್ಪಿದೆ. ನನ್ನವರು ಅತಿಥಿಗಳು. ಐದು ದಿನ ಬಾಗಿಲು ಬಡಿದ ಅತಿಥಿಗಳು. ಐದು ದಿನದಲ್ಲಿ ಒಂದು ಲೋಟ ನೀರು ಕೊಟ್ಟವರಿಲ್ಲ. ಬಾಗಿಲಿಗೆ ಬಂದ ಅತಿಥಿಗೆ ಏಳನೆಯ ದಿನದ ಸೂರ್ಯ ಮುಳುಗುವುದರೊಳಗೆ ಉಣ್ಣಲು ಇಕ್ಕದವರ ಬಾಗಿಲು ಬಾಗಿಲೇ ಅಲ್ಲ ಅಂತ ಕಟ್ಟಳೆಯಲ್ಲಿ ಇದೆ. ಇಕ್ಕಲಿ. ಇಕ್ಕದಿದ್ದರೆ ನಾಳೆ ಗರಗಸದವನು ಬರಲಿ.”

ಜಿಲೇಬಿಯವಳ ಹತ್ತಿರ ಇದ್ದದ್ದು ಪೊರಕೆ, ಒರಳು, ತೂತು ಬಟ್ಟೆ, ಅರ್ಧ ಗಡಿಗೆ ಹಿಟ್ಟು. ಅದನ್ನು ಹೆಂಡತಿಯೇ ಬರೆದುಕೊಂಡಿದ್ದಳು.

ಗಂಡ ವಲ್ಲಿಯಿಂದ ಮುಖ ಒರೆಸಿಕೊಂಡ. ಜಿಲೇಬಿಯವಳ ಹತ್ತಿರ ಹೋಗಿ ಬಗ್ಗಿ ಕುಳಿತ. “ಏನಮ್ಮ ಮಾಡೋಣ? ಅತಿಥಿಗಳು ಅನ್ನುವುದನ್ನು ಹಿಂದಕ್ಕೆ ತಗೊಳ್ಳಲೇ?”

“ಯಾಕಣ್ಣ ಹಿಂದಕ್ಕೆ?” ಎಂದಳು ಜಿಲೇಬಿಯವಳು. ಐದು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಬೆಳಕಿತ್ತು. “ಅತಿಥಿಗಳು ಬರಿಗೈಯಲ್ಲಿ ಬರುತ್ತಾರಾ?”

ಗಂಡ ಎದ್ದು ನಿಂತ. ಅವನ ತಲೆ ಚೌಕಟ್ಟಿನ ಕಲ್ಲಿಗೆ ತಾಗಿತು, ಅವನಿಗೆ ಗೊತ್ತೇ ಆಗಲಿಲ್ಲ.

“ಅಜ್ಜಿ! ಬರಿಗೈಯಲ್ಲಿ ಬಂದವರು ಅತಿಥಿಯೋ?”

“ಬರಿಗೈಯಲ್ಲಿ ಬಂದವರು ದಾರಿಹೋಕರು,” ಎಂದಳು ಬಯಲಜ್ಜಿ. “ಕೈಯಲ್ಲಿ ಏನಾದರೂ ಇದ್ದರೆ ಅತಿಥಿ. ಏನಿರಬೇಕು ಅಂತ ಕಟ್ಟಳೆಯಲ್ಲಿ ಇಲ್ಲ. ಅವರವರ ಮರ್ಯಾದೆ.” ಹೀಗೆ ಹೇಳಿ ಹತ್ತಿಯನ್ನು ಕೆಳಗಿಟ್ಟಳು.

ಹೆಂಡತಿ ಹೊಂಗೆಯ ಕೆಳಗೆ ಹೋಗಿ, “ದಾರಿಹೋಕರಿಗೆ ಊಟವೂ ಇಲ್ಲ, ಹಲಗೆಯೂ ಇಲ್ಲ” ಎಂದು ತನ್ನವರಿಗೆ ಹೇಳಿದಳು.

ಮೊದಲು ಬಂದವನು ಹಿಟ್ಟಿನವನು. ಅವನು ಆ ಸಂಜೆಯೇ ಬಂದ, ಯಾಕೆಂದರೆ ಹಿಟ್ಟು ಹುಳಿ ಬರಲು ಒಂದು ರಾತ್ರಿ ಬೇಕು ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಳೆ ಬಡಿದು, ಒಂದು ಸಣ್ಣ ಚೀಲವನ್ನು ಹೊಸ್ತಿಲಿನ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ, “ಮನೆಯಲ್ಲಿ ಹೆಚ್ಚಾಗಿತ್ತು” ಎಂದು ಸುಳ್ಳು ಹೇಳಿ ಓಡಿದ. ಜಿಲೇಬಿಯವಳು ಗಡಿಗೆಯ ಹುಳಿಯನ್ನು ಅದಕ್ಕೆ ಬೆರೆಸಿ ಕಲಸಿದಳು. ಹಿಟ್ಟು ಬೆಳಗಾಗುವ ತನಕ ಉಸಿರಾಡಿತು.

ಏಳನೆಯ ದಿನ ಬಿಸಿಲೇರಿದ ಮೇಲೆ ಉಳಿದವರು ಬಂದರು. ಬಾಣಲೆಯವಳು ತಲೆಯ ಮೇಲೆ ಬಾಣಲೆಯನ್ನು ಕೊಡೆಯಂತೆ ಬೋರಲು ಹಾಕಿಕೊಂಡು ಬಂದು ಬಳೆ ಬಡಿದಳು.

“ಬನ್ನಿ ಬನ್ನಿ, ಒಳಗೆ ಬನ್ನಿ.”

ಸೌದೆಯವನು ಒಂದು ಹೊರೆ ಸೌದೆ ತಂದು ಬಳೆ ಬಡಿದ.

“ಬನ್ನಿ ಬನ್ನಿ, ಒಳಗೆ ಬನ್ನಿ.”

ಎಣ್ಣೆಯವಳು ಒಂದು ಕೈಯಲ್ಲಿ ಎಣ್ಣೆಯ ಡಬ್ಬ, ಇನ್ನೊಂದು ಕೈಯಲ್ಲಿ ಪೊರಕೆ ಹಿಡಿದು ಬಂದಳು. ಮೊದಲು ತಾನು ಉಗುಳಿದ ಜಾಗವನ್ನು ಗುಡಿಸಿ, ನೀರು ಹಾಕಿ, ಒಂದು ಸಣ್ಣ ರಂಗೋಲಿಯನ್ನೂ ಬಿಟ್ಟು, ಆಮೇಲೆ ಬಳೆ ಬಡಿದಳು.

“ಬನ್ನಿ ಬನ್ನಿ, ಒಳಗೆ ಬನ್ನಿ.”

ಅತಿಥಿಗಳಾದ ಮೇಲೆ ಮುಖ ನೋಡಬಾರದು ಎಂಬ ಕಟ್ಟಳೆ ಉಳಿಯಲಿಲ್ಲ, ಯಾಕೆಂದರೆ ಅತಿಥಿಯ ಮುಖ ನೋಡದೆ ಬಡಿಸುವುದು ಹೇಗೆ? ಅವರೆಲ್ಲ ಒಬ್ಬರನ್ನೊಬ್ಬರು ನೋಡಿ, ಸ್ವಲ್ಪ ನಾಚಿ, ಮೂರು ಕಲ್ಲಿಟ್ಟು ಹೂಡಿದ ಒಲೆಯ ಸುತ್ತ ಕುಳಿತರು.

ಕೊನೆಗೆ ಸಕ್ಕರೆಯವನು ಬಂದ. ಬಳೆ ಬಡಿದ. ಒಳಗೆ ಬಂದ. ಅವನ ಮುಷ್ಟಿ ಮುಚ್ಚಿತ್ತು. ಅದನ್ನು ಜಿಲೇಬಿಯವಳ ಅಂಗೈ ಮೇಲೆ ತೆರೆದ. ಒಂದು ಹಿಡಿ ಸಕ್ಕರೆ.

“ಬರಿಗೈಯಲ್ಲಿ ಬಂದಿಲ್ಲ,” ಎಂದ. “ಕಟ್ಟಳೆ ಮುರಿದಿಲ್ಲ.”

ಮುರಿದಿರಲಿಲ್ಲ. ಆದರೆ ಒಂದು ಹಿಡಿ ಸಕ್ಕರೆಗೆ ಪಾಕವಾಗುವುದಿಲ್ಲ, ಪಾಕವಿಲ್ಲದಿದ್ದರೆ ಅದು ಜಿಲೇಬಿಯಲ್ಲ, ಸುತ್ತಿದ ಹಿಟ್ಟು. ಹುಳಿ ಹಿಟ್ಟನ್ನು ಬರೀ ಕರಿದು ಬಡಿಸಿದರೆ ಅತಿಥಿಗೆ ಉಣ್ಣಲು ಇಕ್ಕಿದಂತಾಗುವುದಿಲ್ಲ. ಆಗ ಗರಗಸದವನು ಬರುತ್ತಾನೆ. ಅವನು ಬಂದೂ ಬಿಟ್ಟಿದ್ದ. ಬಯಲಿನ ಅಂಚಿನಲ್ಲಿ ಕುಳಿತು ಗರಗಸದ ಹಲ್ಲು ಒರೆಸುತ್ತಿದ್ದ.

ಜಿಲೇಬಿಯವಳು ಒಲೆಗೆ ಬೆಂಕಿ ಹಚ್ಚಿದಳು. ಆ ಒಂದು ಹಿಡಿಯನ್ನು ಪಾತ್ರೆಗೆ ಹಾಕಿ ಮಡಿಕೆ ನೀರು ಬೆರೆಸಿದಳು. ಎಣ್ಣೆ ಕಾಯಿತು. ತೂತು ಬಟ್ಟೆ ಹಿಡಿದಳು. ಒಂದು ಸುತ್ತು, ಎರಡು ಸುತ್ತು, ಅರ್ಧ. ಒಂದು ಸುತ್ತು, ಎರಡು ಸುತ್ತು, ಅರ್ಧ. ಬಾಣಲೆಯ ತುಂಬ ಹೊಂಬಣ್ಣದ ಸುತ್ತುಗಳು ತೇಲಿದವು. ಅವುಗಳನ್ನು ಎತ್ತಿ ಆ ತೆಳ್ಳನೆಯ ನೀರಿಗೆ ಹಾಕಿದಳು. ಒಂದಕ್ಕೂ ಹೊಳಪು ಬರಲಿಲ್ಲ.

ಸಕ್ಕರೆಯವನು ನೋಡುತ್ತಿದ್ದ. ಎಡಗಾಲು ಅಲ್ಲಾಡಿಸಿದ. ಬಲಗಾಲು ಅಲ್ಲಾಡಿಸಿದ.

“ಇದೇನು ಪಾಕವೇ ಇದು?” ಎಂದ ಕೊನೆಗೆ. “ಎಳೆ ಬರಬೇಡವೇ?”

“ಇದ್ದಷ್ಟಕ್ಕೆ ಇಷ್ಟೇ ಅಣ್ಣ,” ಎಂದಳು ಜಿಲೇಬಿಯವಳು.

“ಜನ ಏನನ್ನುತ್ತಾರೆ? ಸಕ್ಕರೆಯೇ ಸರಿಯಿಲ್ಲ ಅನ್ನುತ್ತಾರೆ! ನನ್ನ ಸಕ್ಕರೆ!”

ಆಗ ಅವನ ಬಾಯಿ, ಅಂದರೆ ಕೊಟ್ಟವರ ಬಾಯಿಯಾದ ಆ ಗಿಡ್ಡನೆಯ ಹೆಂಗಸು, ಅವನ ಪಕ್ಕಕ್ಕೆ ಬಂದು ಕುಳಿತಳು. “ಅಣ್ಣ, ನಾನು ನಿಮ್ಮ ಪರ. ನಿಮಗೆ ಬರಬೇಕಾದದ್ದು ಬರಲಿ ಅಂತ ಆರು ದಿನ ಬಡಿದಿದ್ದೇನೆ. ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ನಿಮ್ಮ ಮನೆಯ ಗೋಡೆಗೆ ಎಷ್ಟು ಹಲಗೆ ಒರಗಿಸಿದ್ದೀರಿ?”

“ಹದಿನಾಲ್ಕು.”

“ಹದಿನಾಲ್ಕು ಜನರಿಗೆ ಕೊಟ್ಟ ಸಕ್ಕರೆ.”

“ಹೌದು.”

“ಆ ಹದಿನಾಲ್ಕರಲ್ಲಿ ಬಾಗಿಲು ಎಷ್ಟಾಯಿತು?”

ಸಕ್ಕರೆಯವನು ಬೆರಳು ಮಡಿಸಿ ಎಣಿಸತೊಡಗಿದ. ಹದಿನಾಲ್ಕು ಹಲಗೆಗಳು ಹದಿನಾಲ್ಕು ಬಾಗಿಲುಗಳದ್ದು. ಒಂದಕ್ಕೊಂದು ಕೂಡುವುದಿಲ್ಲ. “ಒಂದೂ ಇಲ್ಲ,” ಎಂದ.

“ಆ ಹದಿನಾಲ್ಕು ಜನರಲ್ಲಿ ಈಗ ನಿಮ್ಮ ಹತ್ತಿರ ಸಕ್ಕರೆ ಕೊಳ್ಳುವವರು ಎಷ್ಟು?”

ಸಕ್ಕರೆಯವನು ತನ್ನ ಅಂಗಡಿಯ ಕಡೆ ನೋಡಿದ. ಎದ್ದ. ಪಂಚೆ ಎತ್ತಿ ಕಟ್ಟಿದ. ಬಾಗಿಲಿನಿಂದ ಹೊರಗೆ ಹೋದ. ಹೋದವನು ಅರ್ಧ ಬಯಲಿನಲ್ಲಿ ತಿರುಗಿ, “ಆ ನೀರನ್ನು ಚೆಲ್ಲಿ! ಯಾರಾದರೂ ನೋಡಿಯಾರು!” ಎಂದು ಕೂಗಿದ.

ಅವನು ಬರುವಾಗ ಬೆನ್ನ ಮೇಲೆ ಒಂದು ಮೂಟೆ ಇತ್ತು. ಬಾಗಿಲು ಹೊತ್ತವರು ಬರುವ ಹಾಗೆಯೇ ಬಾಗಿ ಬಂದ. ಊರವರಿಗೆ ತಡೆಯಲಾಗಲಿಲ್ಲ, ಯಾರೋ “ಒಂದು!” ಎಂದು ಎಣಿಸಿದರು. ಬಯಲೆಲ್ಲ ನಕ್ಕಿತು. ಸಕ್ಕರೆಯವನೂ ನಕ್ಕ. ಅವನ ಮುಖಕ್ಕೆ ನಗು ಅಭ್ಯಾಸವಿರಲಿಲ್ಲ, ಆದ್ದರಿಂದ ಅದು ಸ್ವಲ್ಪ ಓರೆಯಾಗಿ ಬಂತು, ಆದರೆ ಬಂತು.

ಪಾಕ ಕುದಿಯಿತು. ಎಳೆ ಬಂತು. ಒಂದು ಸುತ್ತು, ಎರಡು ಸುತ್ತು, ಅರ್ಧ. ಹೊಂಬಣ್ಣದ ಸುತ್ತುಗಳು ಪಾಕದಲ್ಲಿ ಮುಳುಗಿ ಹೊಳೆಯುತ್ತ ಎದ್ದವು. ಐದು ಅತಿಥಿಗಳಿಗೆ ಐದು ತಟ್ಟೆ. ಬಯಲಜ್ಜಿಗೆ ಒಂದು ತಟ್ಟೆ. ಅವಳಿಗೆ ಹಲ್ಲಿರಲಿಲ್ಲ, ಅವಳು ಚೀಪಿದಳು. ಇರುವೆಗಳೂ ಸಾಲುಗಟ್ಟಿ ಬಂದವು, ಹಳೆಯ ಪರಿಚಯ. ಸೂರ್ಯ ಇನ್ನೂ ಮೇಲಿತ್ತು. ಗರಗಸದವನು ಗರಗಸವನ್ನು ಚೀಲದಲ್ಲಿಟ್ಟು ಬಂದು, “ನನಗೆ ಬಳೆ ಬಡಿಯಬೇಕೋ?” ಎಂದು ಕೇಳಿದ. “ಬಡಿಯಲೇಬೇಕು,” ಎಂದರು ಎಲ್ಲರೂ. ಅವನು ಎರಡು ಮೊಳೆಗಳನ್ನು ತಂದಿದ್ದ. ಅವನ ಹತ್ತಿರ ಇದ್ದದ್ದು ಅಷ್ಟೇ.

ಅತಿಥಿಗಳಿಗೆ ಊಟವಾಯಿತು, ಆದ್ದರಿಂದ ಬಾಗಿಲು ಉಳಿಯಿತು. ಆದರೆ ಸಾಲ ಉಳಿದಿತ್ತು. ಇದನ್ನು ಮರೆಯಬಾರದು, ಹೆಂಡತಿಯೂ ಮರೆಯಲಿಲ್ಲ. ಅವಳು ಕೈ ತೊಳೆದುಕೊಂಡು, ಹೊರಗೆ ಹೋಗಿ, ಬಳೆ ಹಿಡಿದು ಮೂರು ಸಲ ಬಡಿದಳು.

“ಕೊಟ್ಟವರು ಕೇಳುತ್ತಾರೆ.”

“ಪಡೆದವಳು ಕೇಳಿಸಿಕೊಳ್ಳುತ್ತಾಳೆ,” ಎಂದ ಗಂಡ, ಬಾಯಿ ತುಂಬ ಜಿಲೇಬಿ ಇಟ್ಟುಕೊಂಡು.

“ನುಂಗಿ ಮಾತಾಡಿ.”

ನುಂಗಿದ.

“ಇವತ್ತು ತಂದದ್ದು ಅತಿಥಿಗಳ ಕೈಯದ್ದು, ಅದಕ್ಕೆ ಲೆಕ್ಕವಿಲ್ಲ. ನಾಳೆಯಿಂದ ನನ್ನವರು ಸಾಮಾನು ಕೊಡುತ್ತಾರೆ, ಅವಳು ಕರಿಯುತ್ತಾಳೆ. ಹೊಸ ಸಾಮಾನಿನ ಹಣ ಅಂದಂದೇ. ಹಳೆಯ ಸಾಲಕ್ಕೆ ದಿನವೂ ಮೊದಲು ಮಾರಾಟವಾಗುವ ಐದು ತಟ್ಟೆಯ ಹಣ. ಐವರಿಗೂ ಒಂದೊಂದು ತಟ್ಟೆ, ಯಾರೂ ಮುಂದೆ ನುಗ್ಗುವಂತಿಲ್ಲ. ಸಣ್ಣ ಸಾಲದವರು ಸಾಲ ತೀರಿ ಬೇಗ ಏಳುತ್ತಾರೆ, ದೊಡ್ಡ ಸಾಲದವರು ತಡವಾಗಿ ಏಳುತ್ತಾರೆ.”

ಗಂಡ ಜಿಲೇಬಿಯವಳ ಕಡೆ ನೋಡಿದ. “ಸ್ವಲ್ಪ ಬಿಟ್ಟುಬಿಡಿ ಅಂತ ಕೇಳಲೇ? ಈಗ ಕೇಳಿದರೆ ಬಿಟ್ಟಾರು, ಬಾಯಿ ಸಿಹಿಯಾಗಿದೆ.”

“ಬೇಡ ಅಣ್ಣ. ತಿಂದದ್ದು ಇರುವೆಯಾದರೂ ತಂದವಳು ನಾನು. ಕೊಡುತ್ತೇನೆ. ಆರನೆಯ ತಟ್ಟೆ ನನ್ನದು ಅಂತ ಮಾತ್ರ ಹೇಳಿ.”

“ಆರನೆಯ ತಟ್ಟೆಯಿಂದ ಮುಂದೆ ಎಲ್ಲ ಅವಳದು,” ಎಂದು ಗಂಡ ಗಟ್ಟಿಯಾಗಿ ಹೇಳಿದ. “ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಇನ್ನು ಯಾರೂ ಈ ಬಾಗಿಲಿನ ಹಲಗೆ ಎಣಿಸುವಂತಿಲ್ಲ.”

“ಒಪ್ಪಿದೆವು,” ಎಂದರು ನಾಲ್ವರು.

“ಒಪ್ಪಿದೆ,” ಎಂದ ಸಕ್ಕರೆಯವನು, ಎರಡನೆಯ ತಟ್ಟೆ ಮುಗಿಸಿ.

ಬಯಲಜ್ಜಿ ಹತ್ತಿಯನ್ನು ಕೆಳಗಿಟ್ಟಳು. ಜಿಲೇಬಿಯವಳು ಬಾಗಿಲು ಹೊತ್ತಳು. ಕೊಂಡೊಯ್ಯುವಾಗಲೂ ಮೂರು ಸುತ್ತು ತಿರುಗಬೇಕು, ಬಾಗಿಲಿಗೆ ಮನೆಯ ದಿಕ್ಕು ನೆನಪಾಗಲಿ ಎಂದು. ಅವಳು ಎರಡೂವರೆ ತಿರುಗಿದಳು. ಯಾರೂ ತಿದ್ದಲಿಲ್ಲ. ಬಂದಾಗ ಅರ್ಧ ಕಡಿಮೆ, ಹೋಗುವಾಗ ಅರ್ಧ ಕಡಿಮೆ, ಎರಡೂ ಸೇರಿ ಬಾಗಿಲು ತನ್ನ ಮನೆಗೆ ಸರಿಯಾಗಿಯೇ ಕೂತಿತು.

ಗಂಡ ಹೆಂಡತಿ ಜೊತೆಯಾಗಿ ಮನೆಗೆ ನಡೆದರು. ಏಳು ದಿನ ಮುಗಿದಿತ್ತು, ಇನ್ನು ಗೋಡೆ ಬೇಕಾಗಿರಲಿಲ್ಲ.

“ರೀ,” ಎಂದಳು ಹೆಂಡತಿ, “ಮೊನ್ನೆ ಊಟಕ್ಕೆ ಕೂತಾಗ ಯಾಕೆ ನಗುತ್ತಿದ್ದಿರಿ ಅಂತ ಗೊತ್ತಾದ ಮೇಲೆ ನನಗೆ ಎಷ್ಟು ನಗು ಬಂತು ಗೊತ್ತಾ? ಎಲ್ಲರ ಎದುರು ಕಚ್ಚಿ ಹಿಡಿದುಕೊಂಡೆ.”

“ಈಗ ನಗು ಮಾರಾಯ್ತಿ, ಯಾರು ಬೇಡ ಅಂದರು?”

ಅವಳು ದಾರಿಯುದ್ದಕ್ಕೂ ನಕ್ಕಳು.

ಮಾರನೆಯ ದಿನ ಬೆಳಿಗ್ಗೆ ಜಿಲೇಬಿಯವಳು ಆಗಲೇ ಐದು ತಟ್ಟೆ ಮಾರಿ ಮುಗಿಸಿದ್ದಳು. ಬಾಗಿಲಿನ ಬಳೆ ಸದ್ದಾಯಿತು. ಒಂದು ಸಲ ಮೆಲ್ಲಗೆ, ಬಡಿದು ಅಭ್ಯಾಸವಿಲ್ಲದವರು ಬಡಿದ ಹಾಗೆ.

“ಬನ್ನಿ ಬನ್ನಿ, ಒಳಗೆ ಬನ್ನಿ.”

ಸಕ್ಕರೆಯವನು ನಿಂತಿದ್ದ. ತಲೆಯ ಮೇಲೆ ಹಗ್ಗದಲ್ಲಿ ಕಟ್ಟಿದ ಹದಿನಾಲ್ಕು ಹಲಗೆಗಳು. ಹೊಸ್ತಿಲು ದಾಟುವುದಕ್ಕೆ ಬಗ್ಗಬೇಕಾಯಿತು.

“ಇವು ಯಾರ ಯಾರ ಬಾಗಿಲಿನದ್ದೋ,” ಎಂದ. “ನನಗೆ ನೆನಪಿಲ್ಲ. ಉಳಿದ ಹಲಗೆಗಳು ಎಣ್ಣೆಯವಳ ಮನೆಯಲ್ಲಿ ಕೆಲವು, ಸೌದೆಯವನ ಮನೆಯಲ್ಲಿ ಕೆಲವು ಇರಬೇಕು. ಅವನು ಸುಟ್ಟಿಲ್ಲ ಅಂತ ಹೇಳಿದ. ಎಲ್ಲ ಸೇರಿಸಿದರೆ… ಆದರೆ ಅವರ ಮನೆಗಳಿಗೆ ನಾನು ಹೇಗೆ ಹೋಗಲಿ? ಬಡಿಯುವುದಕ್ಕೆ ಬಾಗಿಲಿಲ್ಲ.”

ಜಿಲೇಬಿಯವಳು ಹಲಗೆಗಳನ್ನು ನೋಡಿದಳು. ಅವನ ಬೆವರಿದ ಮುಖ ನೋಡಿದಳು. ತೂತು ಬಟ್ಟೆ ಕೈಗೆತ್ತಿಕೊಂಡಳು.

“ಹಲಗೆ ಹಿಡಿದುಕೊಂಡು ಹೋಗಿ ಅಣ್ಣ,” ಎಂದಳು. “ಅದನ್ನೇ ಬಡಿಯಿರಿ. ಮೊದಲು ಕೂತುಕೊಂಡು ತಿನ್ನಿ, ಇದು ಆರನೆಯ ತಟ್ಟೆ.”